ಗಮನಿಸಿದ್ದು, ಹಿನ್ನೆಲೆ, ಸಲಹೆ

ಒಳಗಿನ ಕುರ್ಚಿಯ ಅಕ್ಕನಿಗೆ ಹೊರಗಿನ ಬೆಂಚಿನಿಂದ ನಮಸ್ಕಾರ.

ಮೊನ್ನೆ ಬೆಳಗಿನ ಜಾವ ಒಂದು ಕೆಟ್ಟ ಕನಸು ಬಿತ್ತು. ದೊಡ್ಡ ಸಭಾಂಗಣ, ಉದ್ದ ಮೇಜು. ಮೇಜಿನ ಆಚೆ ಏಳು ಜನ ಕೂತಿದ್ದಾರೆ, ಎಲ್ಲರ ಕೊರಳಲ್ಲೂ ನಿಮ್ಮ ಮನಶ್ಶಾಸ್ತ್ರಜ್ಞರ ಸಂಘದ ಬಿಲ್ಲೆ. ಈಚೆ ನಾನೊಬ್ಬಳೇ. ನನಗೆ ಹಾಕಿದ್ದು ಒಂದನೇ ತರಗತಿ ಮಕ್ಕಳ ಕುರ್ಚಿ. ಮೊಣಕಾಲು ಗದ್ದಕ್ಕೆ ತಾಗುತ್ತಿದೆ, ಕಾಲು ಎಲ್ಲಿಡಬೇಕೋ ತಿಳಿಯುತ್ತಿಲ್ಲ. ಒಬ್ಬರು ಕಾಗದ ತಳ್ಳಿ, ಒಂದು ಮನೆಯ ಚಿತ್ರ ಬರಿ ಅಂದರು. ಎಷ್ಟು ತಿಣುಕಿದರೂ ಮನೆ ಬರಲಿಲ್ಲ ಅಕ್ಕ, ಬರೀ ಬಾಗಿಲು ಬಂತು. ಏಳೂ ಜನ ತಲೆ ತಗ್ಗಿಸಿ ಏನೋ ಬರೆದುಕೊಂಡರು. ಆ ಏಳರಲ್ಲಿ ಒಬ್ಬರು ನೀವು. ನೀವೂ ಬರೆದುಕೊಂಡಿರಿ.

ಇಂಥ ಕನಸು ಬಿದ್ದಾಗೆಲ್ಲ ಬೆಳಿಗ್ಗೆ ಮಕ್ಕಳು ಬರುವ ಮುಂಚೆ ನಿಮ್ಮ ಮುಂದೆ ಹೇಳಿ ಹಗುರಾಗುತ್ತಿದ್ದೆ. ಹನ್ನೊಂದು ವರ್ಷದ ಅಭ್ಯಾಸ. ಈ ಕನಸನ್ನು ಯಾರ ಮುಂದೆ ಹೇಳಲಿ? ಅದಕ್ಕೇ ಕಾಗದ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಏಳನೇ ತರಗತಿ ಅರ್ಧಕ್ಕೆ ಬಿಟ್ಟವಳು, ಮದುವೆಯಾದ ಮೇಲೆ ಹತ್ತನೇದಕ್ಕೆ ಎರಡು ಸಲ ಕೂತು ಎರಡು ಸಲವೂ ಗಣಿತದಲ್ಲಿ ಬಿದ್ದವಳು. ಒಂದೊಂದು ಸಾಲನ್ನೂ ಮೂರು ಮೂರು ಸಲ ಓದಿ ನೋಡುತ್ತಿದ್ದೇನೆ. ನನ್ನ ಚಾಳಿ ನಿಮಗೆ ಗೊತ್ತಲ್ಲ.

ನೀವು ಈ ಶಾಲೆಗೆ ಮನಶ್ಶಾಸ್ತ್ರಜ್ಞೆಯಾಗಿ ಬಂದ ವರ್ಷ ನನ್ನನ್ನು ನೆಲ ಒರೆಸುವ ಕೆಲಸದಿಂದ ತೆಗೆದು ನಿಮ್ಮ ಬಾಗಿಲಿಗೆ ಹಾಕಿದರು. ಮಗುವನ್ನು ತರಗತಿಯಿಂದ ಕರೆತರುವುದು, ನೀವು ಕರೆಯುವವರೆಗೆ ಬೆಂಚಿನ ಮೇಲೆ ಜೊತೆಗೆ ಕೂರುವುದು, ಆಮೇಲೆ ವಾಪಸು ಬಿಡುವುದು. ಮಕ್ಕಳು ನನಗೆ ಬೆಂಚಮ್ಮ ಅಂತ ಹೆಸರಿಟ್ಟರು. ಮೊದಲ ದಿನವೇ ನೀವು ನನ್ನನ್ನು ಒಳಗೆ ಕೂರಿಸಿಕೊಂಡು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. "ಈ ಕೋಣೆಯಲ್ಲಿ ಆಡಿದ ಮಾತು ಈ ಕೋಣೆ ದಾಟಬಾರದು. ನೆನಪಿಟ್ಕೋ, ಬೆಂಚೂ ಕೋಣೆಯೇ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ನಮ್ಮಮ್ಮ ಹೇಳುತ್ತಿದ್ದಳು. ನೀವು ಅದನ್ನೇ ಕೆಲಸದ ನಿಯಮ ಮಾಡಿ ಕೊಟ್ಟಿರಿ. ನಾನು ಅದನ್ನು ಎಷ್ಟು ಕಾದೆ ಅನ್ನುವುದಕ್ಕೆ ನಾಲ್ಕನೇ ತರಗತಿಯ ಆ ಹುಡುಗಿಯೇ ಸಾಕ್ಷಿ. ಅಂಗಿಯ ಕಾಲರ್ ಅಗಿಯುತ್ತಾ ಯಾರ ಹತ್ತಿರವೂ ಬಾಯಿ ಬಿಡದವಳು, ಮನೆಯಲ್ಲಿ ಅಪ್ಪ ಊಟಕ್ಕೆ ಬಾರದ ವಿಷಯ ಮೊದಲು ಹೇಳಿದ್ದು ಬೆಂಚಿನ ಮೇಲೆ. ಅವಳ ಟೀಚರ್ ನನ್ನನ್ನು ಕಾರಿಡಾರಿನಲ್ಲಿ ಅಡ್ಡಗಟ್ಟಿ ಏನು ಹೇಳಿದಳು ಅಂತ ಕೇಳಿದರು. ನೀರು ಕೇಳಿದಳು, ಅಷ್ಟೇ ಅಂದೆ. ಒಂದು ತಿಂಗಳು ಆ ಟೀಚರ್ ನನ್ನ ಮುಖ ನೋಡಲಿಲ್ಲ. ನೋಡದಿದ್ದರೆ ಬೇಡ ಅಂದುಕೊಂಡೆ.

ನಿಮ್ಮ ಅಕ್ಷರವೋ ಕೋಳಿ ಕೆದರಿದ ಹಾಗೆ. ಅದಕ್ಕೇ ವರದಿಗಳನ್ನು ದುಂಡಗೆ ಪ್ರತಿ ಮಾಡುವ ಕೆಲಸವೂ ನನ್ನ ಪಾಲಿಗೆ ಬಂತು. ಗಮನಿಸಿದ್ದು, ಹಿನ್ನೆಲೆ, ಸಲಹೆ: ಎಲ್ಲ ಮಗುವಿನ ವರದಿಯಲ್ಲೂ ಈ ಮೂರೇ ತಲೆಬರಹ. ಶಾಲೆ ಕಲಿಸದ ಓದುಬರಹವನ್ನು ನನಗೆ ಈ ಮೂರು ತಲೆಬರಹ ಕಲಿಸಿದವು. ಪ್ರತಿ ಮಾಡಿ ಮುಗಿಸಿ, ಬೀಗ ಹಾಕಿ, ಮರೆತುಬಿಡುತ್ತಿದ್ದೆ. ಮರೆಯಲಾಗದಿದ್ದರೆ ಮರೆತ ಹಾಗೆ ಇರುತ್ತಿದ್ದೆ.

ಪ್ರತಿ ವರ್ಷ ನೀವು ಶಾಲಾ ಮನಶ್ಶಾಸ್ತ್ರಜ್ಞರ ಸಂಘದ ಸಮ್ಮೇಳನಕ್ಕೆ ಎರಡು ದಿನ ಹೋಗುತ್ತಿದ್ದಿರಿ. ವಾಪಸು ಬಂದಾಗ ನಿಮ್ಮ ಕೈಯಲ್ಲೊಂದು ಬಟ್ಟೆ ಚೀಲ, ಒಂದು ಪೆನ್ನು, ಬಾಯಿ ತುಂಬ ಹೊಸ ವಿಷಯ. ಪೆನ್ನು ನನಗೆ ಕೊಡುತ್ತಿದ್ದಿರಿ. ವಿಷಯವನ್ನು ಮಾತ್ರ ನಾನೇ ಕೆದಕಿ ಕೆದಕಿ ಕೇಳಿಸಿಕೊಳ್ಳುತ್ತಿದ್ದೆ. ಈ ವರ್ಷ ಬಂದವರೇ ಚೀಲ ಕೆಳಗಿಡುವ ಮುಂಚೆ ಹೇಳಿದಿರಿ: ಸಂಘ ಸಹ ಸದಸ್ಯತ್ವ ಅಂತ ಹೊಸದು ಶುರು ಮಾಡಿದೆ, ನಮ್ಮಂಥ ಕೋಣೆಗಳಲ್ಲಿ ಹತ್ತು ವರ್ಷ ದುಡಿದವರಿಗೆ. ಪರೀಕ್ಷೆ ಪಾಸಾಗಿರಬೇಕು ಅಂತಿಲ್ಲ, ಒಬ್ಬ ಸದಸ್ಯರ ಶಿಫಾರಸು ಸಾಕು. ವರ್ಷಕ್ಕೆ ಆರು ಕಾರ್ಯಾಗಾರ, ಮೂರು ತಿಂಗಳಿಗೊಮ್ಮೆ ಸಂಘದ ಪತ್ರಿಕೆ, ಕೈಹಿಡಿದು ಕಲಿಸಲು ಒಬ್ಬ ಹಿರಿಯರು. ಎರಡು ವರ್ಷ ಮುಗಿಸಿದರೆ ಪ್ರಮಾಣಪತ್ರ. ಅದು ಕೈಗೆ ಬಂದರೆ ಯಾವ ಶಾಲೆಯಲ್ಲಾದರೂ ಮಕ್ಕಳ ಸಹಾಯಕಿ ಅಂತ ಒಳಗೇ ಕೂರಬಹುದು.

"ಇದು ನಿನಗೇ ಅಳತೆ ಕೊಟ್ಟು ಹೊಲಿಸಿದ ಹಾಗಿದೆ ಕಣೇ" ಅಂದಿರಿ.

ಮನೆಗೆ ಬಂದು ಹೇಳಿದೆ. ನಮ್ಮವರು ಟೈಲರು, ಅಳತೆಯ ಮಾತು ಅವರಿಗೆ ಹಿಡಿಸಿತು. ಇನ್ನು ಮೇಲೆ ನನ್ನನ್ನೂ ಬೆಂಚಿನ ಮೇಲೆ ಕೂರಿಸಿಯೇ ಮಾತಾಡಿಸ್ತೀಯೋ ಹೇಗೆ ಅಂತ ಕಿಚಾಯಿಸಿದರು. ಆದರೆ ಮರುದಿನ ಅಂಗಡಿಗೆ ಬಂದವರಿಗೆಲ್ಲ ನಮ್ಮನೆಯವಳು ಸಂಘಕ್ಕೆ ಸೇರ್ತಾಳೆ ಅಂತ ಹೇಳಿದ್ದೂ ಅವರೇ.

ಅರ್ಜಿಯನ್ನು ನಿಮ್ಮ ಮೇಜಿನ ಮೇಲೇ ತುಂಬಿದೆವು. ಶಿಫಾರಸಿನ ಹಾಳೆ ಅರ್ಜಿದಾರರು ನೋಡುವಂತಿಲ್ಲ ಅಂತ ನೀವೇ ಬರೆದು ಅಂಟಿಸಿ ಕೊಟ್ಟಿರಿ. ಅಂಚೆ ಕಚೇರಿಯಲ್ಲಿ ವಿಳಾಸ ಸರಿ ಇದೆಯಾ, ಗೋಂದು ಬಿಟ್ಟಿಲ್ಲ ತಾನೇ ಅಂತ ಮೂರು ಸಲ ವಾಪಸು ಇಸಿದುಕೊಂಡೆ. ಕಿಟಕಿಯಾಚೆಯ ಗುಮಾಸ್ತ, ಅಮ್ಮಾ ಇದು ಕಾಗದ, ಮಗು ಅಲ್ಲ, ಬಿಟ್ಟು ಹೋಗಿ ಅಂದ. ಬಿಟ್ಟು ಬಂದೆ.

ಐದು ವಾರ ಕಳೆದು ದಪ್ಪ ಲಕೋಟೆ ಬಂತು. ದಪ್ಪ ಇದ್ದರೆ ಒಳ್ಳೇ ಸುದ್ದಿ ಅಂದರು ನಮ್ಮವರು. ಒಡೆದರೆ, ಈ ಸಲ ಪರಿಗಣಿಸಲಾಗಿಲ್ಲ ಅಂತ ಎರಡು ಸಾಲು. ಅದರ ಹಿಂದೆ ನಾನು ಕಳಿಸಿದ ಕಾಗದವೆಲ್ಲ. ಯಾರೋ ಅವಸರದಲ್ಲಿ, ವಾಪಸು ಬರಬಾರದ ಹಾಳೆಯನ್ನೂ ಸೇರಿಸಿಬಿಟ್ಟಿದ್ದರು. ನಿಮ್ಮ ಅಕ್ಷರ ಸರಾಗವಾಗಿ ಓದಬಲ್ಲವರು ಲೋಕದಲ್ಲಿ ಇಬ್ಬರೇ ಅಕ್ಕ, ನೀವು ಮತ್ತು ನಾನು. ನಮ್ಮವರಿಗೆ ಒಂದಕ್ಷರ ಹತ್ತಲಿಲ್ಲ. ನಿಮ್ಮಕ್ಕ ಏನೋ ಹೊಗಳಿರ್ತಾರೆ, ಜೋರಾಗಿ ಓದು ಅಂದರು. ಓದಿದೆ.

ಗಮನಿಸಿದ್ದು: ನಂಬಿಕಸ್ಥೆ. ಮಕ್ಕಳೊಂದಿಗೆ ಮೃದು. ಅತಿಯಾದ ಆತಂಕ. ಬೀಗ, ಗ್ಯಾಸು, ವಿಳಾಸಗಳನ್ನು ಪದೇ ಪದೇ ಪರೀಕ್ಷಿಸುತ್ತಾರೆ. ಹಿನ್ನೆಲೆ: ಬಾಲ್ಯದಲ್ಲಿ ತಾಯಿಗೆ ದೀರ್ಘ ಕಾಯಿಲೆ. ತಾಯಿ ಉಸಿರಾಡುತ್ತಿದ್ದಾರೆಯೇ ಎಂದು ನೋಡಲು ತರಗತಿಯ ಮಧ್ಯೆ ಮನೆಗೆ ಓಡಿಹೋಗುತ್ತಿದ್ದರು. ಇದರಿಂದ ಶಾಲೆ ನಿಂತಿತು.

ಅಷ್ಟು ಓದಿದ ಮೇಲೆ ನಿಲ್ಲಿಸಲು ಆಗಲಿಲ್ಲ. ನಮ್ಮವರು ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟರು. ಮನೆಕೆಲಸಕ್ಕೆ ಅಂತ ಶಾಲೆ ಬಿಡಿಸಿದರು ಎಂದೇ ಅವರಿಗೆ ನಾನು ಹೇಳಿದ್ದು. "ಇಪ್ಪತ್ತು ವರ್ಷ ಜೊತೆಗೆ ಬಾಳಿದವನಿಗೆ ಇದು ಸಂಘದ ಲಕೋಟೆಯಿಂದ ಗೊತ್ತಾಗಬೇಕಾಯ್ತಾ?" ಅಂದರು. ಕೂಗಲಿಲ್ಲ. ಕೂಗಿದ್ದರೆ ವಾಸಿಯಿತ್ತು.

ಅದನ್ನು ನಿಮಗೆ ಹೇಳಿದ ದಿನ ನೆನಪಿದೆಯಾ? ಪರೀಕ್ಷೆಯ ವಾರ, ಕೋಣೆಗೆ ಒಂದು ಮಗುವೂ ಬಂದಿರಲಿಲ್ಲ. ಯಾವಾಗಲೂ ಯಾಕೆ ಬಾಗಿಲ ಕಡೆಗೇ ನೋಡ್ತಾ ಇರ್ತೀಯ ಅಂತ ನೀವು ಕೇಳಿದಿರಿ, ಮಕ್ಕಳನ್ನು ಕೇಳುವ ಅದೇ ದನಿಯಲ್ಲಿ. ನಾನು ಹೇಳಿಬಿಟ್ಟೆ. ಒಂದು ಸಲ ಅರ್ಧ ದಾರಿ ಓಡಿ, ಇವತ್ತು ಬೇಡ ಅಂತ ವಾಪಸು ಶಾಲೆಗೆ ಹೋಗಿದ್ದನ್ನೂ, ಆವತ್ತೇ ಅಮ್ಮ ತೀರಿಕೊಂಡಿದ್ದನ್ನೂ ಹೇಳಿದೆ. ಅದನ್ನೊಂದು ನೀವು ಬರೆದಿಲ್ಲ. ಅದಕ್ಕೆ ಋಣಿಯಾಗಿರಬೇಕೋ ಏನೋ.

ಸಲಹೆ: ಹೊಸ ಜವಾಬ್ದಾರಿಯಿಂದ ಆತಂಕ ಹೆಚ್ಚಬಹುದು. ಪರಿಚಿತ ವಾತಾವರಣದಲ್ಲೇ ಮುಂದುವರಿಸುವುದು ಸೂಕ್ತ.

ಈ ಸಾಲು ನನಗೆ ಬಾಯಿಪಾಠ ಅಕ್ಕ. ಮಗುವನ್ನು ಮೇಲಿನ ತರಗತಿಗೆ ಕಳಿಸದೆ ಅಲ್ಲೇ ಇನ್ನೊಂದು ವರ್ಷ ಕೂರಿಸಬೇಕಾದಾಗ ನೀವು ಬರೆಯುವ ಸಾಲು. ನನ್ನ ಕೈಯಿಂದಲೇ ಎಷ್ಟು ಸಲ ಪ್ರತಿ ಮಾಡಿದ್ದೇನೆ. ಆ ಸಾಲು ಕೇಳಿಸಿಕೊಳ್ಳುವ ಮಗುವಿಗೆ ಏನನ್ನಿಸುತ್ತದೆ ಅಂತ ಒಂದು ಸಲವೂ ಯೋಚಿಸಿರಲಿಲ್ಲ.

ನೀವು ಕೆಟ್ಟದ್ದು ಬಯಸಿ ಬರೆದಿರಿ ಅನ್ನಲಾರೆ. ಒಂದು ಮನಸ್ಸು ಹೇಳುತ್ತದೆ, ರೂಢಿಯ ಮೇಲೆ ಕೈ ತಾನೇ ಓಡಿತು ಅಂತ. ಶಿಫಾರಸು ಬರೆಯಲು ಕೂತವರು ಮೂರು ತಲೆಬರಹ ಹಾಕಿದಿರಿ, ಹಾಕಿದ ಮೇಲೆ ತುಂಬಲೇಬೇಕಾಯಿತು. ಇನ್ನೊಂದು ಮನಸ್ಸು ಸುಮ್ಮನಿರುವುದಿಲ್ಲ. ಯಾಕೆಂದರೆ ಮರುದಿನ ನೀವು ಏನಾಯ್ತು ಅಂತ ಕೇಳಿ, ನಾನು ಆಗಲಿಲ್ಲ ಅಕ್ಕ ಅಂದಾಗ, ನೀವು ನಕ್ಕಿರಿ. "ಹೋಗ್ಲಿ ಬಿಡು. ನೀನು ಹೊರಟುಹೋದ್ರೆ ನನ್ನ ಬೆಂಚಿನ ಗತಿ ಏನು?" ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನೀವು ಮದ್ದು ಅಂತ ಗೊತ್ತಿದ್ದೇ ಹಿತ್ತಲಲ್ಲಿ ಇಟ್ಟುಕೊಂಡಿರೋ ಅಂತ ಅನುಮಾನ. ಸುಳ್ಳು ಬರೆದಿದ್ದರೆ ಜಗಳವಾಡಬಹುದಿತ್ತು. ಬರೆದದ್ದೆಲ್ಲ ನಿಜ. ನಿಜವನ್ನು ನಾನೇ ನಿಮ್ಮ ಕೈಗೆ ಕೊಟ್ಟಿದ್ದೆ, ಕೋಣೆಯೊಳಗೆ, ಬಾಗಿಲು ಹಾಕಿಕೊಂಡು.

ಸೋಮವಾರದಿಂದ ನಾನು ಕೆಳಗಿನ ಗ್ರಂಥಾಲಯದ ಕೆಲಸಕ್ಕೆ ಹೋಗುತ್ತಿದ್ದೇನೆ. ಮೆಟ್ಟಿಲು ಹತ್ತಿ ಕಾಲು ನೋವು ಅಂತ ಮುಖ್ಯೋಪಾಧ್ಯಾಯರಿಗೆ ಹೇಳಿದೆ. ಬೇರೆ ಕಾರಣ ಹೇಳಿಲ್ಲ, ಹೇಳುವುದೂ ಇಲ್ಲ. ಬೆಂಚಿಗೆ ಬರುವ ಹೊಸಬಳಿಗೆ ಒಂದು ಮಾತು ಹೇಳಿ: ಆ ನಾಲ್ಕನೇ ತರಗತಿಯ ಹುಡುಗಿಗೆ ಬಲಗಿವಿ ಮಂದ, ಅವಳ ಎಡಕ್ಕೆ ಕೂತು ಮಾತಾಡಿಸಬೇಕು. ಇದನ್ನು ಎಲ್ಲೂ ಬರೆದಿಟ್ಟಿಲ್ಲ.

ನಿಮ್ಮ ಕಣ್ಣು ಕೈ ಚೆನ್ನಾಗಿರಲಿ. ನಿಮ್ಮ ಹತ್ತಿರ ಬರುವ ಮಕ್ಕಳಿಗೆ ನನಗೆ ಸಿಕ್ಕ ಆ ದನಿಯೇ ಸಿಗಲಿ, ನನಗೆ ಸಿಕ್ಕ ಹಾಳೆ ಸಿಗದಿರಲಿ. ಹೋಗಿಬರುತ್ತೇನೆ ಅಕ್ಕ.

ಇಂತಿ,
ಹನ್ನೊಂದು ವರ್ಷ ನಿಮ್ಮ ಬಾಗಿಲಿಗಿದ್ದ ತಂಗಿ

ಬರೆಯದೆ ಬಿಟ್ಟದ್ದು: ನಿನ್ನೆ ಅಂಗಡಿಯ ಫೋನಿನಿಂದ ಸಂಘಕ್ಕೆ ಮಾತಾಡಿದೆ, ನಿಮ್ಮ ಹೆಸರು ಹೇಳಲಿಲ್ಲ. ಶಿಫಾರಸಿನ ಹಾಳೆಯ ತಲೆಯಲ್ಲಿ, ಅರ್ಜಿದಾರರು ನಿಮಗೆ ಹೇಗೆ ಪರಿಚಯ ಅಂತ ಎರಡು ಚೌಕ ಇರುತ್ತವಂತೆ. ಒಂದು ಸಹೋದ್ಯೋಗಿ, ಇನ್ನೊಂದು ನೆರವಿಗಾಗಿ ಬಂದವರು. ಎರಡನೆಯದಕ್ಕೆ ಗುರುತು ಬಿದ್ದಿದ್ದರೆ ಆ ಶಿಫಾರಸು ತಾನೇ ರದ್ದು, ಈ ತಿಂಗಳೊಳಗೆ ಬೇರೆ ಸದಸ್ಯರಿಂದ ತಂದರೆ ಮತ್ತೆ ನೋಡುತ್ತಾರೆ. ಮೊದಲನೆಯದಾದರೆ ಅವರ ತೀರ್ಮಾನವೇ ಖಾಯಂ. ಅಂದರೆ ನನಗೆ ದಾರಿ ತೆರೆಯಬೇಕಾದರೆ ಹನ್ನೊಂದು ವರ್ಷವೂ ನಾನು ನಿಮ್ಮ ಕಣ್ಣಿಗೆ ಸಹೋದ್ಯೋಗಿಯಾಗಿರಬಾರದು. ಯಾವುದಾಗಲಿ ಅಂತ ಬೇಡಿಕೊಳ್ಳಬೇಕೋ ನನಗೇ ತಿಳಿಯುತ್ತಿಲ್ಲ. ನನಗೆ ಬಂದ ಹಾಳೆಯಲ್ಲಿ ಸಂಘದ ದುಂಡು ಮೊಹರು ಸರಿಯಾಗಿ ಆ ಎರಡು ಚೌಕದ ಮೇಲೇ ಕೂತಿದೆ, ಗುರುತು ಕಾಣುವುದಿಲ್ಲ. ಕಳಿಸಿದ್ದಕ್ಕೆಲ್ಲ ನೀವು ಒಂದು ಪ್ರತಿ ಇಟ್ಟುಕೊಳ್ಳುತ್ತೀರಿ, ಅದು ಎಡಗಡೆಯ ಡ್ರಾಯರಿನಲ್ಲಿರುತ್ತದೆ. ಅದರ ಬೀಗದ ಕೈ ಇವತ್ತಿನವರೆಗೆ ನನ್ನ ಹತ್ತಿರವೇ ಇತ್ತು, ನಾನು ತೆಗೆದು ನೋಡಿಲ್ಲ. ಬೀಗದ ಕೈಯನ್ನು ಈ ಕಾಗದದೊಳಗೆ ಮಡಿಸಿ ಇಟ್ಟಿದ್ದೇನೆ. ನೀವೇ ತೆಗೆದು ಇನ್ನೊಂದು ಸಲ ನೋಡಿ ಅಕ್ಕ: ಗುರುತು ಯಾವ ಚೌಕದಲ್ಲಿದೆ?