ಬಲಕ್ಕೆ ಹೂಡುವ ಎತ್ತು

ಜುಲೈ 8, ಸೋಮವಾರ. ಬೆಳಿಗ್ಗೆ 11

ಕೆಂದ್ಯಾ ಇಂದು ಮತ್ತೆ ಸತ್ತ. ಶುಕ್ರವಾರ ಇಂಟರ್ವಲ್ಲಿಗೆ ಸತ್ತಿದ್ದ, ಶನಿವಾರ ಬದುಕಿದ್ದ, ಇಂದು ಹದಿನೈದನೇ ನಿಮಿಷಕ್ಕೇ. ವಿರೂಪಾಕ್ಷ ಗೋಡೆಯಿಂದ ಒಂದು ಕಾರ್ಡು ಕಿತ್ತು ಬೇರೆ ಕಡೆ ಟಾಚಣಿ ಚುಚ್ಚಿದರೆ ಸಾಕು, ಎತ್ತಿನ ಆಯುಷ್ಯ ಬದಲು. ಯಮನ ಬಳಿಯೂ ಇಷ್ಟು ಟಾಚಣಿ ಇರಲಿಕ್ಕಿಲ್ಲ.

ಬೈಲಹೊಂಗಲದ ಗೋಡೌನು. ಕೆಳಗೆ ಹತ್ತಿ, ಮೇಲೆ ಎತ್ತು. ಎರಡು ಎತ್ತುಗಳ ಆ್ಯನಿಮೇಷನ್ ಸಿನಿಮಾ — ಎಡಕ್ಕೆ ಹೂಡುವ ಕೆಂದ್ಯಾ, ಬಲಕ್ಕೆ ಹೂಡುವ ಬೆಳ್ಯಾ. ಕೆಂದ್ಯಾ ಸಾಯುತ್ತಾನೆ, ಬೆಳ್ಯಾ ಉಳಿಯುತ್ತಾನೆ. ಇಷ್ಟಕ್ಕೆ ಎಂಟು ತಿಂಗಳು. ಗೋಡೆ ತುಂಬ ಚಿತ್ರ. ಇದರ ಹೆಸರು ಸ್ಟೋರಿಬೋರ್ಡ್. ಸ್ಟೋರಿ ಇನ್ನೂ ದಾರಿಯಲ್ಲಿದೆ, ಬೋರ್ ಬಂದು ಕುಳಿತಿದೆ.

ವಿರೂಪಾಕ್ಷ ನಿರ್ದೇಶಕ. ಪುಣೆಯಲ್ಲಿ ಆರು ತಿಂಗಳ ಕೋರ್ಸು. ಕಂಡದ್ದನ್ನೆಲ್ಲ ವಿರೂಪ ಮಾಡುವುದರಿಂದ ಅನ್ವರ್ಥನಾಮ. ನಿರ್ಮಾಪಕರು ಗೋಡೌನಿನ ಮಾಲಕ ಅಂದಾನೆಪ್ಪ ಸಾವಕಾರರು. ಅಂದಾನೆಪ್ಪ ಅಂದರೆಂದರೆ ಮುಗಿಯಿತು. ನಾನು ಸಂಭಾಷಣೆ. ಕನ್ನಡ ಎಂ.ಎ., ಚಿನ್ನದ ಪದಕ. ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ, ಇಲ್ಲಿ ಎತ್ತುಗಳ ಉಪನ್ಯಾಸಕ. ಎತ್ತುಗಳೇ ವಾಸಿ, ಹಾಜರಿ ಕೇಳುವುದಿಲ್ಲ.

ಜುಲೈ 11, ಗುರುವಾರ. ಮಧ್ಯಾಹ್ನ

ಶೀತಲ್ ತನ್ನ ಸೀನು ಹೇಳಿದಳು. ಸಿರಸಂಗಿಯವಳು, ಚಿತ್ರ ಬರೆಯುವುದು ಅವಳ ಕೆಲಸ. ಇಲ್ಲಿ ಕೆಲಸ ಎಂದು ಕರೆಯಬಹುದಾದದ್ದು ಅದೊಂದೇ. ಗೋಡೆಯ ಮುಂದೆ ನಿಂತು, ಒಂದೊಂದೇ ಚಿತ್ರಕ್ಕೆ ಕೋಲು ತೋರಿಸುತ್ತ, ಮೆಲ್ಲಗೆ. ಇಪ್ಪತ್ತಾರು ಚಿತ್ರ. ಮಾತಿಲ್ಲ. (ಅಂದರೆ ನಾನಿಲ್ಲ. ಆದರೂ ಚೆನ್ನಾಗಿತ್ತು.)

ಕೆಂದ್ಯಾ ಸತ್ತ ಮರುದಿನ. ನಸುಕು. ಯಾರೂ ಕರೆದಿಲ್ಲ. ಬೆಳ್ಯಾ ತಾನೇ ಎದ್ದು ಬಂದು ಚಕ್ಕಡಿಯ ನೊಗದ ಕೆಳಗೆ, ಬಲಕ್ಕೆ, ತನ್ನ ಜಾಗದಲ್ಲಿ ನಿಲ್ಲುತ್ತಾನೆ. ಎಡಗಡೆ ಖಾಲಿ. ಮುಗಿಯಿತು.

ವಿರೂಪಾಕ್ಷ ಪೆನ್ನು ಕಚ್ಚಿದ.

“ಚಲೋ ಐತಿ. ಆದ್ರ ಏನೂ ಆಗಂಗಿಲ್ಲಲ್ಲಾ ಇದರಾಗ. ತಗದ್‌ಬಿಡೂಣು.”

“ಬ್ಯಾಡ್ರಿ ಸರ್. ಇದೊಂದು ಸೀನಿನ ಸಲುವಾಗಿ ನಾ ಇಲ್ಲಿ ಬಂದೇನಿ. ನಮ್ಮಪ್ಪನ ಎತ್ತಿದು. ಇದು ಹೋದ್ರ ಉಳಿದದ್ದು ಯಾರರ ಬರೀಲಿ.”

ಸಾವಕಾರರು ತೀರ್ಪು ಕೊಟ್ಟರು. “ಸಂಪಗಾಂವದ ಮಂದಿಗೆ ಒಮ್ಮೆ ತೋರ್ಸ್ರಿ. ಕುಂತು ನೋಡಿದ್ರ ಇಡ್ರಿ, ಎದ್ದು ಹೋದ್ರ ಕಿತ್ತು ಒಗೀರಿ.”

ಇದಕ್ಕೆ ಫೀಡ್‌ಬ್ಯಾಕ್ ಎನ್ನುತ್ತಾರಂತೆ. ಎತ್ತಿಗೆ ಫೀಡು ಮುಂದಿನಿಂದ ಹೋಗುತ್ತದೆ. ಬ್ಯಾಕಿನಿಂದ ಬರುವುದಕ್ಕೆ ನಮ್ಮಲ್ಲಿ ಬೇರೆ ಹೆಸರಿದೆ.

ಜುಲೈ 16

ಚಿತ್ರಗಳನ್ನು ಸಾಲಾಗಿ ಪೋಣಿಸಿ, ನಮ್ಮದೇ ದನಿ ಸುರಿದು, ರೀಲ್ ತಯಾರು. ಶೀತಲ್ ಇಲ್ಲ. ಅಕ್ಕನ ಬಾಣಂತನಕ್ಕೆ ಸವದತ್ತಿಗೆ ಹೋಗಿದ್ದಾಳೆ, ನೇರ ಸಂಪಗಾಂವಕ್ಕೆ ಬರುತ್ತಾಳೆ.

ವಿರೂಪಾಕ್ಷ ಅವಳ ಸೀನು ನೋಡಿ ನಾಲಿಗೆ ಲೊಚಗುಟ್ಟಿದ. ಹೀರೊ ಪರದೆಯ ಎಡದಿಂದ ಬಲಕ್ಕೇ ನಡೆಯಬೇಕಂತೆ, ಪುಣೆಯ ಪಾಠ. ಅವಳ ಬೆಳ್ಯಾ ಬಲದಿಂದ ಎಡಕ್ಕೆ ಬರುತ್ತಾನೆ. ಒಂದು ಕೀಲಿ ಒತ್ತಿದ. ಇಪ್ಪತ್ತಾರೂ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿದವು.

ಬೆಳ್ಯಾ ಈಗ ನೊಗದ ಎಡಕ್ಕೆ ನಿಂತಿದ್ದಾನೆ. ಸಿನಿಮಾ ಪೂರ್ತಿ ಬಲಕ್ಕೆ, ಇಲ್ಲಿ ಮಾತ್ರ ಎಡಕ್ಕೆ. ಕೆಂದ್ಯಾನ ಜಾಗದಲ್ಲಿ.

ನನಗೆ ಕಂಡಿತು. ಹೇಳಲಿಲ್ಲ. ಸಂಪಗಾಂವದವರೇ ಹೇಳಲಿ, ಮಜಾ ನೋಡೋಣ ಎಂದುಕೊಂಡೆ.

ಜುಲೈ 20, ಶನಿವಾರ. ಸಂಜೆ 7, ಸಂಪಗಾಂವ

ಸಮುದಾಯ ಭವನ. ಎಪ್ಪತ್ತು ಜನ. ಶೀತಲ್ ಗೋಡೆಗೆ ಒರಗಿ ನಿಂತಿದ್ದಳು. ಅವಳ ಸೀನು ಬಂತು. ಬೆಳ್ಯಾ ನೊಗದ ಕೆಳಗೆ ಬಂದು ನಿಂತ. ಸೆರಗಿಲ್ಲದ್ದಕ್ಕೆ ಅವಳು ವೇಲನ್ನೇ ಬಾಯಿಗೆ ಒತ್ತಿಕೊಂಡಳು.

ಮುಂದಿನ ಸಾಲಿನಲ್ಲಿ ಲಗಮಣ್ಣ. ಐವತ್ತು ವರ್ಷ ಎತ್ತು ಕಟ್ಟಿದ ಅಜ್ಜ. ಕೈ ಎತ್ತಿದ.

“ತಮ್ಮಾ, ನಿಂದರ್ಸು ಅದನ್ನ. ಬೆಳ್ಯಾ ಇಷ್ಟೊತ್ತನಾ ಬಲಕ್ಕಿದ್ದ. ಈಗ ಎಡಕ್ಕ ಹೆಂಗ ಹ್ವಾದ?”

“ಅದು ಸ್ಕ್ರೀನ್ ಡೈರೆಕ್ಷನ್, ಅಜ್ಜಾರ,” ಎಂದ ವಿರೂಪಾಕ್ಷ.

“ಯಾ ಡೈರೆಕ್ಷನ್ನರ ಇರಲಿ. ಬಲಕ್ಕ ಹೂಡಿದ್ದು ಸಾಯೂತನಾ ಬಲಕ್ಕ. ಹೊಳ್ಳಿ ಹೂಡು, ಚಕ್ಕಡಿ ಸೀದಾ ಗಟಾರಕ್ಕ.”

ಹಿಂದಿನಿಂದ ಬೀರವ್ವ ಎಂಬ ಮುದುಕಿ: “ನಲವತ್ತು ವರ್ಷ ಮುದುಕನ ಎಡಕ್ಕ ಮಲಗೇನಿ. ಬಲಕ್ಕ ಹಾಸಿದ್ರ ನನಗ ನಿದ್ದಿ ಬರಂಗಿಲ್ಲ. ಎತ್ತು ಹೆಂಗ ನಿಂತೀತು?”

ಭವನವೆಲ್ಲ ನಗೆ. ನಾನೂ ನಕ್ಕೆ. ನನಗೆ ಬೇಕಾದದ್ದು ಇದೇ.

ಆದರೆ ಸಾವಕಾರರು ಕನ್ನಡಕ ತೆಗೆದು ಕಣ್ಣು ಒರೆಸುತ್ತಿದ್ದರು. ಹತ್ತಿ ತೂಗಿದ್ದಾರೆಯೇ ಹೊರತು ಎತ್ತಿನ ಕೊರಳು ಮುಟ್ಟಿದವರಲ್ಲ. “ಸತ್ತವನ ಜಾಗಾದಾಗ ಹೋಗಿ ನಿಂತಾನಲ್ಲೋ… ಅವನ ಪಾಲಿನ ಭಾರಾನೂ ಹೊರತೇನಿ ಅಂತ.”

ವಿರೂಪಾಕ್ಷ ಉಸಿರೂ ತೆಗೆದುಕೊಳ್ಳಲಿಲ್ಲ. “ಅದನ್ನ ತೋರ್ಸಾಕ ಹಂಗ ಮಾಡಿದ್ದರಿ ಸರ್.”

ಶೀತಲ್‌ಳ ಮುಖ ನೋಡಲು ಹೋಗಲಿಲ್ಲ.

ಜುಲೈ 22, ಸೋಮವಾರ

ಬೆಳಿಗ್ಗೆ ಮೆಟ್ಟಿಲ ಬಳಿ ವಿರೂಪಾಕ್ಷ ಹೆಗಲ ಮೇಲೆ ಕೈ ಹಾಕಿದ. “ಮಾಸ್ತರ್ರ, ಕಥಿ ಅಂತ ಬರೂವಲ್ಲಿ ನಿಮ್ಮ ಹೆಸರೂ ಹಾಕೂಣಂತ. ನನ್ನ ಬಾಜೂಕ.”

ಮೀಟಿಂಗು. ಶೀತಲ್ ಕೂರಲಿಲ್ಲ.

“ಅದು ನಾ ಬರದಿದ್ದಲ್ಲರಿ ಸಾವಕಾರ್ರ. ಹೊಳ್ಳಿಸ್ಯಾರ. ಬೆಳ್ಯಾ ಬಲಕ್ಕ ನಿಂತದ್ದು ಬಾಜೂಕ ಅಂವಾ ಬರತಾನ ಅಂತ. ಜಾಗಾ ಬಿಟ್ಟು ನಿಂತಾನ್ರಿ. ನಮ್ಮಪ್ಪನ ಎತ್ತು ಹಂಗ ಹದಿನೈದು ದಿನಾ ನಿಂತಿತ್ತು. ಅಂವನ ಜಾಗಾಕ್ಕ ಒಮ್ಮೀನೂ ಕಾಲಿಡಲಿಲ್ಲ.”

“ಹಂಗಿದ್ರ ನನಗ್ಯಾಕ ಅಳು ಬಂತವಾ?” ಸಾವಕಾರರು ನನ್ನ ಕಡೆ ತಿರುಗಿದರು. “ಮಾಸ್ತರ್ರ, ನೀವು ರಾಮದುರ್ಗದ ಕಡೆ ಒಕ್ಕಲತನದ ಮನಿಯವ್ರು. ನೀವ ಹೇಳ್ರಿ. ಎತ್ತು ಹಂಗ ಎಡಕ್ಕ ನಿಂದರತೈತೋ ಇಲ್ಲೋ? ನೀವು ಹೆಂಗಂತೀರಿ ಹಂಗ.”

ಎಲ್ಲರೂ ನೋಡುತ್ತಿದ್ದರು. ಗಂಟಲು ಸರಿಮಾಡಿಕೊಂಡೆ.

“ನಿಂತರೂ ನಿಂದರಬಹುದ್ರಿ. ಕಲಾದಾಗ ಎಡಾ-ಬಲಾ ಇರಂಗಿಲ್ಲ. ಅದೇನು ಇಲೆಕ್ಷನ್ ಅಲ್ಲಲ್ಲಾ.”

ನಕ್ಕರು. ನನ್ನ ಜೋಕಿಗೆ ಈ ಮಾಳಿಗೆಯಲ್ಲಿ ಇಷ್ಟು ಜೋರಾಗಿ ಎಂದೂ ನಕ್ಕಿರಲಿಲ್ಲ.

ಶೀತಲ್ ಗೋಡೆಯಿಂದ ಇಪ್ಪತ್ತಾರು ಚಿತ್ರ ಬಿಚ್ಚಿದಳು. ಅವಸರವಿಲ್ಲ. ಸುರುಳಿ ಸುತ್ತಿ ಬಗಲಿಗಿಟ್ಟುಕೊಂಡು ನನ್ನ ಮುಂದೆ ನಿಂತಳು.

“ಸರ್, ನಿಮ್ಮ ಮನ್ಯಾಗ ಎತ್ತು ಇದ್ದದ್ದು ಖರೇ ಏನ್ರಿ?”

ಉತ್ತರಕ್ಕೆ ನಿಲ್ಲದೆ ಮೆಟ್ಟಿಲಿಳಿದು ಹೋದಳು.

ಆಗಸ್ಟ್ 5, ಸೋಮವಾರ. ಬೆಳಿಗ್ಗೆ 10

ಎರಡು ವಾರ ಬರೆಯಲಿಲ್ಲ. ಶೀತಲ್ ಫೋನು ಎತ್ತುವುದಿಲ್ಲ.

ಕಂಪ್ಯೂಟರಿನಲ್ಲಿ ಉಳಿದ ಪ್ರತಿ ನೋಡಿ ವಿರೂಪಾಕ್ಷ ಆ ಸೀನು ಬೇರೆಯವರಿಂದ ಬರೆಸಿದ್ದಾನೆ. ಎತ್ತು ಮೊಲದಂತಿದೆ. ಕಥೆ ಎನ್ನುವಲ್ಲಿ ನನ್ನ ಹೆಸರು ಬಂದಿದೆ, ದಪ್ಪ ಅಕ್ಷರ.

ಈಗ ಸೀನಿಗೆ ಒಂದು ಮಾತು ಬೇಕಂತೆ. ಸಂಪಗಾಂವದವರಂತೆ ಇನ್ಯಾರೂ ಕೇಳಬಾರದು ನೋಡಿ. ಬೆಳ್ಯಾ ಎಡಕ್ಕೆ ಯಾಕೆ ನಿಂತೆ ಎಂದು ತಾನೇ ಹೇಳಿಬಿಡಬೇಕು. ಮಧ್ಯಾಹ್ನ ಸಾವಕಾರರು ಕೇಳಲು ಬರುತ್ತಾರೆ. ಹನ್ನೊಂದು ಸಾಲು ಬರೆದೆ. ಹನ್ನೊಂದೂ ಜಾಣ ಸಾಲು. ಹರಿದೆ.

ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಅಪ್ಪ ಎತ್ತಿನ ಜೋಡಿಯಲ್ಲಿ ಒಂದನ್ನು ಮಾರಿದ. ಉಳಿದದ್ದಕ್ಕೆ ಮೇವು ಹಾಕುವ ಕೆಲಸ ನನ್ನದು. ಮರುದಿನ ನಸುಕಿನಲ್ಲಿ ಬುಟ್ಟಿ ಹಿಡಿದು ಹೊರಗೆ ಬಂದೆ. ಕಣ್ಣಿ ಹರಿದುಕೊಂಡಿತ್ತು. ಚಕ್ಕಡಿಯ ಬಳಿ ಹೋಗಿ, ನೊಗದ ಕೆಳಗೆ ಕೊರಳು ಕೊಟ್ಟು ನಿಂತಿತ್ತು. ನಿಂತದ್ದು ತನ್ನ ಜಾಗದಲ್ಲೇ. ಪಕ್ಕದ ಜಾಗ ಖಾಲಿ.