ಮೋರಿಗೆ ಕಟ್ಟಿದ ಪರದೆ

ದೇವರಾಜ ಮೊಹಲ್ಲಾ, ಮೈಸೂರು
೧೨-೬-೧೯೫೬

ನಗರ ಸುಧಾರಣೆಯ ಸಭೆಯಲ್ಲಿ ನೆರೆದಿರುವ ಮಹಾಜನರೇ, ಲಾಲಿಸಬೇಕು!

ಬೀದಿಗಳ ಸ್ವಚ್ಛತೆಗೆ ಅಂಕ ಕೊಡಲು ನಿಮ್ಮ ಅಧಿಕಾರಿ ಬಂದ ದಿನ, ಗಲ್ಲಿಯ ಮಾನ ಕಾಯಲೆಂದು ನಾನೇ ತೆರೆದ ಮೋರಿಗೆ ಅಡ್ಡಲಾಗಿ ಉದ್ಯಾನವನದ ಚಿತ್ರ ಬರೆದ ನಾಟಕದ ಪರದೆ ಕಟ್ಟಿದೆ. ಅವರು ‘ಉತ್ತಮ’ ಎಂದು ಬರೆದರು. ಗಲ್ಲಿಯವರೆಲ್ಲ ಚಪ್ಪಾಳೆ ತಟ್ಟಿದರು. ಅದರಿಂದಲೇ ಒಳಚರಂಡಿ ಹಾಕಬೇಕಾದ ಬೀದಿಗಳ ಪಟ್ಟಿಯಿಂದ ನಮ್ಮ ಗಲ್ಲಿ ಬಿಟ್ಟುಹೋಯಿತು.

ಈಗ ಮೋರಿ ಉಕ್ಕಿ ನಾವು ಕುಡಿಯುವ ನೀರಿನ ಬಾವಿಗೆ ಸೇರಿದೆ. ನೆರೆಮನೆಯ ಬಸಮ್ಮನವರ ಹಿರಿಮಗಳು ವಾಂತಿಭೇದಿಯಿಂದ ತೀರಿಕೊಂಡಳು. “ನಿಮ್ ಪರದೆ ಬಲು ಚೆಂದಾಗಿತ್ತು ಕಣ್ರೀ ಅಯ್ನೋರೇ,” ಎಂದಷ್ಟೇ ಆಕೆ ಅಂದರು.

ದಯಮಾಡಿ ಆ ‘ಉತ್ತಮ’ವನ್ನು ಹೊಡೆದುಹಾಕಿ. ಆಕೆಗೆ ಇನ್ನೂ ಇಬ್ಬರು ಮಕ್ಕಳಿದ್ದಾರೆ. ನಾಳೆ ಬೆಳಿಗ್ಗೆ ಮಾರುಕಟ್ಟೆಯ ನಲ್ಲಿಯಿಂದ ಅವರಿಗೆ ನೀರು ಹೊತ್ತು ತರುತ್ತೇನೆ. ಆಕೆ ಬಾಗಿಲು ತೆಗೆಯದಿದ್ದರೆ ಕೊಡವನ್ನು ಹೊಸ್ತಿಲ ಬಳಿ ಇಟ್ಟು ಬರುತ್ತೇನೆ.

ಇಂತಿ,
ನಂಜುಂಡಾರಾಧ್ಯ
ಹಿಂದೆ ನಾಟಕ ಕಂಪನಿಯ ರಾಜಪಾತ್ರಧಾರಿ