ಒಂದು ಗೇಣು ಟೇಪು

1963 ಜನವರಿ 9, ಬುಧವಾರ. ಸಿಂದಗಿ

ಬೆಳಿಗ್ಗೆಯಿಂದ ಬೆಸುಗೆ. ಹಳೆಯ ರೇಡಿಯೋದ ಎರಡು ವಾಲ್ವ್ ಹಾಕಿ ಕಟ್ಟಿದ ಡಬ್ಬಿ ಕೊನೆಗೂ ದನಿ ತೆಗೆಯಿತು. ಗುಂಡಿ ತಿರುಗಿಸಿದರೆ ಸಣ್ಣಗೆ, ಇನ್ನಷ್ಟು ತಿರುಗಿಸಿದರೆ ದಪ್ಪಗೆ. ಬಾಯಿಲ್ಲ, ತಂತಿಯಿಲ್ಲ, ಆದರೂ ಹಾಡುತ್ತದೆ! ಅಷ್ಟರಲ್ಲಿ ಬೀರಣ್ಣ ಬಂದ, ಮದುವೆಗೆ ಮೈಕ್ ಸೆಟ್ ಬೇಕಂತೆ. "ಇದೇನ್ರಿ, ಬೆಕ್ಕಿನ ಬಾಲ ತುಳದೀರೇನು? ಮದ್ವಿಗೆ ಮಾತ್ರ ಸಿನೆಮಾ ಹಾಡ ಹಚ್ರಿ."

ಹಚ್ಚುತ್ತೇನೆ. ಹೊಟ್ಟೆ ನಡೆಯಬೇಕಲ್ಲ. ಆದರೆ ಸೊಲ್ಲಾಪುರದಿಂದ ಟೇಪ್ ರೆಕಾರ್ಡರ್ ತಂದದ್ದು ಅದಕ್ಕಲ್ಲ. ಮನುಷ್ಯರ ದನಿ, ಮಶಿನ್ ದನಿ ಕೂಡಿಸಿ ಒಂದು ಸಂಗೀತ… ಯಾರೂ ಕೇಳಿರದಂಥದ್ದು.

ಜನವರಿ 13, ರವಿವಾರ. ಮೋರಟಗಿ

ಶಂಕರೆಪ್ಪ ಚಕ್ಕಡಿ ಕಳಿಸಿದ್ದ. ಸಾಲೆಯ ದಿನಗಳ ಗೆಳೆಯ. ತಾಯಿ ಬಾಳಮ್ಮ ಹಾಸಿಗೆ ಹಿಡಿದಿದ್ದಾರೆ. ತಂದೆ ಪರಪ್ಪ ತೀರಿಕೊಂಡಾಗ ಅವನಿಗೆ ಎರಡು ವರ್ಷ. ಗಂಡನ ಹೆಸರನ್ನು ಹೆಂಗಸರು ಒಡಪು ಕಟ್ಟಿ, ಪ್ರಾಸದ ಸಾಲಿನಲ್ಲಿ ಸೇರಿಸಿ ಹೇಳಬೇಕೇ ಹೊರತು ಬರಿದೆ ಹೇಳುವಂತಿಲ್ಲ. ಗಂಡನೇ ಹೋದ ಮೇಲೆ ಒಡಪು ಹೇಳು ಎಂದು ಯಾರು ಕೇಳುತ್ತಾರೆ?

"ಅವ್ವನ ಬಾಯಾಗ ಅಪ್ಪನ ಹೆಸರ ಒಮ್ಮಿನೂ ಕೇಳಿಲ್ಲೋ ಜೈನುದ್ದೀನ. ಅಷ್ಟ ಟೇಪಿನ್ಯಾಗ ಹಿಡದು ಕೊಡು."

ಬಾಳಮ್ಮ ಮಗನನ್ನು ಹೊರಗಟ್ಟಿದರು. "ನಿನ್ನ ಮುಂದ ನಾಚಿಕಿ ಬರ್ತೈತಿ. ನಾ ಹ್ವಾದ ಮ್ಯಾಲ ಕೇಳು, ಹೋಗು." ಒಳಗೆ ನಾನು, ನನ್ನ ಹೆಂಡತಿ ಜೋಹರಾಬಿ, ಮಶಿನ್ನು. ಮುದುಕಿ ನಕ್ಕರು, ಕೆಮ್ಮಿದರು, ಮತ್ತೆ ನಕ್ಕರು.

"ಬಿಳಿಜೋಳದ ರೊಟ್ಟಿಗಿ ಎಣಗಾಯಿ ಪಲ್ಲೆ, ಪರಪ್ಪನವರು ಬರೂ ಸಪ್ಪಳ ನಾ ಒಬ್ಬಾಕಿ ಬಲ್ಲೆ."

ಹೆಸರು ಬಂದಾಗ ದನಿ ಇಳಿಸಿ, ಮೈಕಿಗೆ ತುಟಿ ಹಚ್ಚಿಬಿಟ್ಟರು. ಜೋಹರಾಬಿ ಕಣ್ಣೊರೆಸಿಕೊಂಡಳು. ನನ್ನ ಕಣ್ಣು ದನಿ ಅಳೆಯುವ ಮೀಟರಿನ ಮುಳ್ಳಿನ ಮೇಲೆ.

ಫೆಬ್ರವರಿ 24, ರವಿವಾರ. ಸಿಂದಗಿ

ನನ್ನ ಸಂಗೀತಕ್ಕೆ ಇದ್ದ ಟೇಪು ಸಾಲದು. ಬಾಳಮ್ಮನ ರೀಲ್ ತೆಗೆದೆ. ಆ ನಗೆ, ನಗೆಗೆ ಮುಂಚಿನ ಉಸಿರು… ಡಬ್ಬಿಯ ದನಿಯ ಪಕ್ಕ ಇಟ್ಟರೆ ಮೈ ಜುಮ್ಮೆನ್ನುತ್ತದೆ. ಬ್ಲೇಡಿನಿಂದ ಕತ್ತರಿಸಿ, ತುಂಡಿಗೊಂದು ನಂಬರ್ ಚೀಟಿ ಹಚ್ಚಿ, ಬಟ್ಟೆ ಒಣಹಾಕುವ ಹಗ್ಗಕ್ಕೆ ತೂಗಿಬಿಟ್ಟೆ. ಶಂಕರೆಪ್ಪ ಕೇಳಿದಾಗ ಮತ್ತೆ ಜೋಡಿಸಿದರಾಯಿತು. ಒಂದು ಕಡೆ ಮಾತ್ರ ಉಸಿರು ಬಡಿದು ಸ್ಪೀಕರ್ ಬಡಬಡ ಅನ್ನುತ್ತದೆ. ಕೆಟ್ಟ ಸಪ್ಪಳ. ಒಂದು ಗೇಣು ಕತ್ತರಿಸಿ ಎಸೆದೆ.

ಏಪ್ರಿಲ್ 2, ಮಂಗಳವಾರ

ಮುಗಿಯಿತು. ಹನ್ನೊಂದು ನಿಮಿಷ. ನಾನು ಬರೆದದ್ದಕ್ಕೆ ಇವತ್ತೇ ಧಾರವಾಡದಿಂದ ಕಾಗದವೂ ಬಂತು. ರೇಡಿಯೋದಲ್ಲಿರುವ ಒಬ್ಬರು ಬರೆದಿದ್ದಾರೆ — 22ಕ್ಕೆ ಟೇಪ್ ತನ್ನಿ, ಕೇಳುತ್ತೇವೆ. ನಾಲ್ಕು ಸಲ ಓದಿದೆ. ಹತ್ತು ವರ್ಷ ಊರೆಲ್ಲ ಹುಚ್ಚ ಅಂದದ್ದು ಮರೆತೇ ಹೋಯಿತು.

ಏಪ್ರಿಲ್ 11, ಗುರುವಾರ

ಬಾಳಮ್ಮ ಹೋದರು. ಮಣ್ಣಿಗೆ ಹೋಗಿ ಬಂದೆ. ಶಂಕರೆಪ್ಪ ಕೈ ಬಿಡಲಿಲ್ಲ. "ದಿವಸ ಮುಗಿಸಿ ಇಪ್ಪತ್ತಕ್ಕ ಬರ್ತೇನಿ. ಅಪ್ಪನ ಹೆಸರ ಕೇಳಸು." ಹೂಂ ಅಂದೆ. ಬೇರೇನು ಅನ್ನಲಿ?

ಏಪ್ರಿಲ್ 18, ಗುರುವಾರ

ನಕಲು ತೆಗೆಯಲು ಇನ್ನೊಂದು ಮಶಿನ್ ಬೇಕು. ನಿನ್ನೆ ಸೊಲ್ಲಾಪುರದಲ್ಲೆಲ್ಲ ಕೇಳಿ ಬಂದೆ, ಇಲ್ಲ. ಶಂಕರೆಪ್ಪನಿಗೆ ಅವ್ವನ ದನಿ ಬಿಚ್ಚಿ ಕೊಟ್ಟರೆ ನನ್ನ ಸಂಗೀತ ಹೋಯಿತು. ಟೇಪು ಕೆಟ್ಟಿತು ಅಂದುಬಿಡಲೇ? ಜೋಹರಾಬಿಯ ಮುಂದೆ ಬಾಯಿಬಿಟ್ಟೆ.

"ನೀವು ಇನ್ನೊಂದ ಮಾಡಬಹುದ್ರಿ. ಆ ಮುದುಕಿ ಮತ್ತ ಬಂದು ಹೇಳ್ತಾಳೇನು?"

ಇನ್ನೊಂದು ಮಾಡುವುದೆಂದರೆ ರೊಟ್ಟಿ ಬಡಿದ ಹಾಗೆಯೇ? ಬೈದೆ. ಆದರೂ ಅವಳ ಮಾತು ನಿಜ. ಎದ್ದು ಬ್ಲೇಡ್ ತೆಗೆದುಕೊಂಡೆ.

ಏಪ್ರಿಲ್ 19, ಶುಕ್ರವಾರ. ರಾತ್ರಿ

ಬಿಚ್ಚಿಯಾಯಿತು. ನನ್ನ ಹನ್ನೊಂದು ನಿಮಿಷ ನೆಲದ ಮೇಲೆ ಚೂರುಚೂರಾಗಿ ಬಿದ್ದಿದೆ. ಬಾಳಮ್ಮನ ತುಂಡುಗಳನ್ನು ನಂಬರ್ ಪ್ರಕಾರ ಅಂಟಿಸಿ ಹಚ್ಚಿದೆ. ನಗೆ ಬಂತು. ರೊಟ್ಟಿ ಬಂತು, ಪಲ್ಲೆ ಬಂತು, ನೇರ "ಬರೂ ಸಪ್ಪಳ"…

ಹೆಸರಿಲ್ಲ.

ಕೆಟ್ಟ ಸಪ್ಪಳ ಎಂದು ಎಸೆದದ್ದು ಅದೇ. ಮೈಕಿಗೆ ತುಟಿ ಹಚ್ಚಿ ಹೇಳಿದ್ದರಲ್ಲ, ಅದಕ್ಕೇ ಬಡಬಡ. ಮನೆಯೆಲ್ಲ ಜಾಲಾಡಿದೆವು. ಜೋಹರಾಬಿ ತಿಪ್ಪೆ ಕೆದರಿ ಬಂದಳು. ಎರಡು ತಿಂಗಳ ಹಿಂದಿನ ಕಸ, ಎಲ್ಲಿ ಸಿಗುತ್ತದೆ? ಅವಳ ಮುಂದೆಯೇ ಅತ್ತೆ. ಸಂಜೆ ಧಾರವಾಡಕ್ಕೆ, ಬರುವುದಾಗುವುದಿಲ್ಲ ಎಂದು ಕಾರ್ಡ್ ಹಾಕಿದೆ.

ಏಪ್ರಿಲ್ 20, ಶನಿವಾರ

ಶಂಕರೆಪ್ಪ ಬಂದ. ಮೊದಲೇ ಹೇಳಿಬಿಡಬೇಕೆಂದು ಬಾಯಿ ತೆರೆದೆ. "ಮಾತು ಆಮ್ಯಾಲ, ಮೊದಲ ಹಚ್ಚೋ" ಅಂದ. ಹಚ್ಚಿದೆ. ಅವ್ವನ ನಗೆ ಕೇಳಿ ಅವನೂ ನಕ್ಕ. ಪಲ್ಲೆ ಅಂದ ಕೂಡಲೇ ಮುಂದೆ ಬಾಗಿದ. ಮತ್ತೊಮ್ಮೆ ಹಚ್ಚಿಸಿದ. ಇನ್ನೊಮ್ಮೆ.

"ಸಾಯೂ ಮುಂದ ಸೈತ ಹೇಳಲಿಲ್ಲ ನೋಡು," ಅಂದ. "ಅಪ್ಪನ ಮ್ಯಾಲ ಆಕಿಗಿ ಎಂಥಾ ಸಿಟ್ಟಿತ್ತೋ ಏನೋ. ಇಷ್ಟ ವರ್ಷ ನನಗ ತಿಳೀಲೇ ಇಲ್ಲ."

ಜೋಹರಾಬಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ರೀಲ್ ಸುತ್ತಿದೆ. ಶಂಕರೆಪ್ಪ ಅದನ್ನು ಟಾವೆಲಿನಲ್ಲಿ ಕಟ್ಟಿಕೊಂಡು ಹೋದ. ಹೇಡಿ ನಾನು.

ಏಪ್ರಿಲ್ 21, ರವಿವಾರ. ಬೆಳಿಗ್ಗೆ ಏಳು

ಎಂಟರ ಬಸ್ಸಿಗೆ ಮೋರಟಗಿಗೆ ಹೊರಟಿದ್ದೇನೆ. ಅಲ್ಲಿ ಬಾಯಿ ಕಟ್ಟಬಾರದು, ಹೇಳುವುದನ್ನು ಇಲ್ಲಿ ಬರೆದು ನೋಡುತ್ತೇನೆ.

ಶಂಕರೆಪ್ಪಾ, ನಿಮ್ಮವ್ವಗ ಸಿಟ್ಟಿರಲಿಲ್ಲೋ. ಆಕಿ ಹೇಳಿದ್ಳು. ನಕ್ಕೋತ ಹೇಳಿದ್ಳು. ನಾ ಅದನ್ನ…